ಕೃಷ್ಣಪ್ಪನ ಅಂಗಳದಲ್ಲಿ ನಿಂತ ಕಥೆ

ಮೇಘನಳಿಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಕೂಗಾಡುತ್ತಿದ್ದರೆ ಕೊಪ್ಪದ ಹತ್ತಿರದ ನಮ್ಮ ಹಳ್ಳಿ ನಾರ್ವೆಯಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ಕೂಗಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ, ಸಂಜೆಗೆ ಎಲ್ಲ ಮರೆತು ಒಬ್ಬರ ಮನೆಯಲ್ಲಿ ಒಬ್ಬರು ಕಾಫಿ ಕುಡಿಯುತ್ತೇವೆ. ಅವಳು ಹಾಗಲ್ಲ. ಮಿಡಿ ಉಪ್ಪಿನಕಾಯಿ ಹಾಕಿದ ಹಾಗೆ ಸಿಟ್ಟನ್ನು ಭರಣಿಗೆ ತುಂಬಿ, ಬಟ್ಟೆ ಕಟ್ಟಿ, ಅಟ್ಟದ ಮೇಲಿಟ್ಟು, ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತಾಳೆ. ಯಾವಾಗ ಇಳಿಸುತ್ತಾಳೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಈ ಕಥೆ ಹೇಳುವ ನಾನು ಲಕ್ಷ್ಮೀಶ, ಅವಳ ಮನೆಯ ಮೇಲಿನ ತಿರುವಿನಲ್ಲಿ ನನ್ನ ಮನೆ. ನಾನು ಯಾರ ಕಡೆಯವನು ಎಂದು ಕೊನೆಗೆ ಕೇಳುವ ಬದಲು ಈಗಲೇ ತಿಳಿದುಕೊಳ್ಳಿ, ಮೇಘನಳ ಕಡೆಯವನು. ಕಳೆದ ಸುಗ್ಗಿಯಲ್ಲಿ ನನ್ನ ಅಡಿಕೆ ಹೊತ್ತಿಗೆ ಸರಿಯಾಗಿ ಸುಲಿದು, ಬೆಂದು, ಒಣಗಿದ್ದು ಅವಳ ಸಿಟ್ಟಿನ ದೆಸೆಯಿಂದ. ಹೀಗಿರುವಾಗ ನ್ಯಾಯವಾಗಿ ಎರಡೂ ಕಡೆ ತೂಗಿ ಹೇಳುತ್ತೇನೆ ಎಂದರೆ ನೀವು ನಂಬಬಾರದು.

ಅವಳು ಮುತ್ತಿನಕೊಪ್ಪದ ಹುಡುಗಿ. ನರಸಿಂಹರಾಜಪುರದಲ್ಲಿ ಪಿಯುಸಿ ಓದುವಾಗ ಅವಳ ಸೋದರಮಾವ ಸುಂದರೇಶ್ ಅಲ್ಲೇ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಊರಿನ ಬಸ್ಸು ಬರುವವರೆಗೆ ಅವಳು ಅಲ್ಲಿ ಕೂರುತ್ತಿದ್ದಳು. ಮೂಲೆಯ ಕಂಪ್ಯೂಟರಿನಲ್ಲಿ ಯಾರೋ ಹಾಕಿಟ್ಟಿದ್ದ ಒಂದು ಗೇಮ್ ಇತ್ತು, ವಾಲ್ಡೆರಾ ಎಂದು ಹೆಸರು. ಗುಂಡು ಹೊಡೆದು ಓಡುವ ಆಟ ಅದಲ್ಲ. ನಾವೇ ಒಂದು ಪಾತ್ರವಾಗಿ ಊರೂರು ತಿರುಗಿ, ಜೊತೆಗಾರರನ್ನು ಸೇರಿಸಿಕೊಂಡು, ಅವರ ಕಷ್ಟಸುಖ ಕೇಳುತ್ತಾ ತಿಂಗಳುಗಟ್ಟಲೆ ನಡೆಸಬೇಕಾದ ಕಥೆ. ತಾರಿನ್ ಎಂಬ ಹುಡುಗನ ಊರನ್ನು ಒಬ್ಬ ಬೋಳುತಲೆಯ ಪಾಳೆಯಗಾರ ಸುಡುತ್ತಾನೆ. ತಾರಿನ್ ಅವನನ್ನು ಹುಡುಕಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಎಲಿಯಾ ಎಂಬ ಮದ್ದು ಕೊಡುವ ಹುಡುಗಿ ಜೊತೆಯಾಗುತ್ತಾಳೆ, ಯಾರಿಗೆ ಗಾಯವಾದರೂ ವಾಸಿ ಮಾಡುತ್ತಾಳೆ. ಅರ್ಧ ಕಥೆಗೆ ಬರುವಷ್ಟರಲ್ಲಿ ಆ ಬೋಳುತಲೆಯವನು ಎಲಿಯಾಳನ್ನೇ ಕೊಂದುಬಿಡುತ್ತಾನೆ.

ಮೇಘನ ಅವತ್ತು ಬಸ್ಸಿನಲ್ಲಿ ಊರಿನವರೆಗೂ ಅತ್ತಳಂತೆ. ಮಾರನೆಯ ದಿನದಿಂದ ಅಳಲಿಲ್ಲ. ಬೋಳುತಲೆಯವನನ್ನು ಅಟ್ಟಿಸಿಕೊಂಡು ಹೋದಳು. ಪರೀಕ್ಷೆ ಬಂತು, ಹೋಯಿತು, ಅವಳು ಅವನ ಹಿಂದೆಯೇ ಇದ್ದಳು. ಕೊನೆಗೆ ಅವನು ಅಡಗಿದ್ದ ಕೋಟೆಯ ಬಾಗಿಲಿಗೆ ಬಂದು ನಿಂತಳು. ಮಾರನೆಯ ವಾರ ಹೋಗಿ ನೋಡಿದರೆ ಕ್ಲಾಸಿನಲ್ಲಿ ಕಂಪ್ಯೂಟರೇ ಇಲ್ಲ. ಮಾವ ಎಲ್ಲವನ್ನೂ ಮಾರಿ ಕ್ಲಾಸ್ ಮುಚ್ಚುತ್ತಿದ್ದ. ಒಂದು ಮಾತು ಹೇಳಬಾರದಿತ್ತೇ ಎಂದು ಇವಳು ಕೇಳಿದ್ದಕ್ಕೆ, ಆಟ ತಾನೇ ಎಂದು ನಕ್ಕನಂತೆ. ಇವಳು ಬಸ್ಸು ಹತ್ತಿ ಮನೆಗೆ ಹೋದಳು. ವರ್ಷಗಳು ಕಳೆದು ಅವಳ ಮದುವೆಯಾದಾಗ ಸೋದರಮಾವ ಮಾಡಬೇಕಾದ ಶಾಸ್ತ್ರಕ್ಕೆಲ್ಲ ಸಣ್ಣ ಮಾವನನ್ನು ಕರೆದಳು. ಸುಂದರೇಶ್ ಹೊಸ ಪಂಚೆ ಉಟ್ಟುಕೊಂಡು ಮಂಟಪದ ಪಕ್ಕದ ಕುರ್ಚಿಯಲ್ಲಿ ಕೂತಿದ್ದ, ತನಗೆ ಯಾಕೆ ಈ ಮರ್ಯಾದೆ ಎಂದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಮದುವೆಯಾದದ್ದು ನಮ್ಮ ವೀರೇಶನನ್ನು. ಕೊಪ್ಪ, ಬಸರೀಕಟ್ಟೆ ಎಂದು ಗೂಡ್ಸ್ ಆಟೋ ಓಡಿಸುತ್ತಾನೆ, ಒಳ್ಳೆಯವನು, ಹೆಂಡತಿಯ ತಂಟೆಗೆ ಹೋಗುವುದಿಲ್ಲ. ಇವಳು ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ, ಸುಗ್ಗಿ ಬಂದರೆ ಅಡಿಕೆ ಸುಲಿಯಲು ಬರುತ್ತಾಳೆ. ಒಂದು ದಿನ ಫೋನಿನಲ್ಲಿ ಸುದ್ದಿ ನೋಡಿದಳು. ವಾಲ್ಡೆರಾ ಗೇಮನ್ನು ಈ ಕಾಲಕ್ಕೆ ತಕ್ಕ ಹಾಗೆ ಮೊದಲಿನಿಂದ ಕಟ್ಟಿ ಬಿಡುತ್ತಾರಂತೆ. ಆ ವರ್ಷ ಸುಗ್ಗಿಯಿಡೀ ಸುಲಿದ ಕೂಲಿಯನ್ನು ಮುಟ್ಟದೆ ಇಟ್ಟು, ಶಿವಮೊಗ್ಗದಿಂದ ಹಳೆಯದೊಂದು ಗೇಮಿನ ಮೆಷಿನ್ ತರಿಸಿ, ಟಿವಿಗೆ ಹಾಕಿಸಿಕೊಂಡಳು. ಹೊಸ ಗೇಮಿನಲ್ಲಿ ಹುಲ್ಲು ಅಲ್ಲಾಡುತ್ತಿತ್ತು, ಎಲಿಯಾಳ ಕೂದಲು ಅಲ್ಲಾಡುತ್ತಿತ್ತು. ಹಳೆಯದರಲ್ಲಿ ಒಂದು ಮಧ್ಯಾಹ್ನಕ್ಕೆ ದಾಟುತ್ತಿದ್ದ ಮೊದಲ ಊರನ್ನೇ ಇದರಲ್ಲಿ ವಾರಗಟ್ಟಲೆ ಸುತ್ತಿಸಿದರು. ಸುತ್ತಿದಳು. ಊರು ಬಿಟ್ಟು ಹೊಳೆಯ ದಡಕ್ಕೆ ಬಂದದ್ದೇ ಆಟ ನಿಂತುಹೋಯಿತು.

ಡಿಸ್ಕಿಗೆ ಬೂಷ್ಟು ಹಿಡಿದಿದೆ ಎಂದುಕೊಂಡಳು, ನಮ್ಮ ಕಡೆ ಏನು ಕೆಟ್ಟರೂ ಮೊದಲು ಬರುವ ಅನುಮಾನ ಅದೇ. ಕೊಪ್ಪ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ತೆಗೆದುಕೊಂಡು ಹೋಗಿ ಒರೆಸಿಕೊಡಿ ಎಂದಳು. ಅಂಗಡಿಯವನು ಡಿಸ್ಕ್ ನೋಡಲಿಲ್ಲ, ಅದರ ಡಬ್ಬಿ ತಿರುಗಿಸಿ ನೋಡಿದ. ಡಿಸ್ಕು ಸರಿಯಾಗೇ ಇದೆ, ಕಥೆಯನ್ನು ಮೂರು ಭಾಗ ಮಾಡಿದ್ದಾರೆ, ಇದು ಮೊದಲನೆಯದು, ಮಿಕ್ಕ ಎರಡು ಬರಲು ವರ್ಷಗಳು ಬೇಕು ಎಂದ. ಮೂರಕ್ಕೂ ಬೇರೆ ಬೇರೆ ದುಡ್ಡು.

ಇದನ್ನು ಅವಳು ನನಗೆ ಹೇಳಿದಾಗ ನನಗೇ ಮೈ ಉರಿಯಿತು. ಒಂದೇ ತೋಟವನ್ನು ಮೂರು ಸಲ ಕ್ರಯ ಮಾಡಿಕೊಟ್ಟ ಹಾಗಾಯಿತಲ್ಲ. ಅವಳು ಆ ಕಂಪನಿಯ ವೆಬ್‌ಸೈಟಿಗೆ ಹೋಗಿ ಕನ್ನಡದಲ್ಲಿ ಬೈದು ಬರೆದಳು, ಒಂದೇ ಒಂದು ನಕ್ಷತ್ರ ಕೊಟ್ಟಳು. ಯಾರೂ ಉತ್ತರ ಕೊಡಲಿಲ್ಲ. ಎರಡನೆಯ ಭಾಗ ಬಂದಾಗ ಬೈದುಕೊಂಡೇ ತರಿಸಿದಳು. ಅದರ ಕೊನೆಯಲ್ಲಿ ಎಲಿಯಾ ಮತ್ತೆ ಸತ್ತಳು, ಈ ಸಲ ಇನ್ನೂ ಚೆನ್ನಾಗಿ ಕಾಣುವ ಹಾಗೆ. ಬೋಳುತಲೆಯವನು ಕುದುರೆ ಹತ್ತಿ ಹೋದ, ಆಟ ಮತ್ತೆ ನಿಂತಿತು. ಮೂರನೆಯದು ಇನ್ನೂ ಬಂದಿಲ್ಲ. ಹಳೆಯ ಗೇಮಿನ ಕೊನೆಯನ್ನು ಯಾರೋ ಆಡಿದ್ದು ಯೂಟ್ಯೂಬಿನಲ್ಲಿ ಇರುತ್ತದಲ್ಲ ಎಂದು ನಾನು ಒಮ್ಮೆ ಕೇಳಿದೆ.

"ಬೇರೆಯವ್ರು ಕೊಂದಿದ್ದನ್ನ ನಾನು ಎಂತಕ್ಕೆ ನೋಡ್ಲಿ ಲಕ್ಷ್ಮೀಶಣ್ಣ?" ಅಂದಳು.

ಇನ್ನು ಕೃಷ್ಣಪ್ಪನ ವಿಷಯ. ನಾನೂ ಅವನೂ ಒಂದೇ ಶಾಲೆ, ಅದಕ್ಕೇ ಏಕವಚನ. ನನ್ನದಕ್ಕಿಂತ ದೊಡ್ಡ ತೋಟ, ದೊಡ್ಡ ಅಂಗಳ, ಗಂಟಲೂ ದೊಡ್ಡದು. ಅಡಿಕೆ ಸುಲಿಯುವುದು ಹೇಗೆಂದರೆ, ಮಧ್ಯಾಹ್ನ ಊಟ ಮುಗಿಸಿ ಬಂದ ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು, ಮೇಲಕ್ಕೆ ನಿಂತ ಕತ್ತಿಗೆ ಹಸಿ ಅಡಿಕೆ ಒತ್ತಿ ಸಿಪ್ಪೆ ಬಿಡಿಸಿ, ಬೇಳೆಯನ್ನು ಪಕ್ಕದ ಡಬ್ಬಕ್ಕೆ ಹಾಕುತ್ತಾರೆ. ಡಬ್ಬದ ಲೆಕ್ಕದಲ್ಲಿ ಕೂಲಿ. ಎರಡು ವರ್ಷದ ಹಿಂದೆ ಸುಗ್ಗಿ ಮುಗಿಯುವ ಹೊತ್ತಿಗೆ, ಕೃಷ್ಣಪ್ಪ ಗೋಡೆಯ ಬದಿಗೆ ಸಾಲಾಗಿಟ್ಟಿದ್ದ ಡಬ್ಬಗಳಲ್ಲಿ ಮೇಘನಳ ಜಾಗದಲ್ಲಿದ್ದ ಒಂದನ್ನು ಸುರಿದ. ಮೇಲೆ ಸುಲಿದ ಬೇಳೆ, ಅಡಿಯಲ್ಲಿ ಸುಲಿಯದ ಕಾಯಿ. ಡಬ್ಬ ಬೇಗ ತುಂಬಲಿ ಎಂದು ಹಾಕಿದ್ದು. ಅಷ್ಟೂ ಜನರ ಮುಂದೆ ಅವನು ಅವಳನ್ನು ಕಳ್ಳಿ ಎಂದ. ಗೇಮ್ ಆಡುವವರಿಗೆ ಇಂಥದ್ದೇ ಬುದ್ಧಿ ಬರುವುದು ಎಂದೂ ಸೇರಿಸಿದ. ಅವಳು ಅದು ತನ್ನ ಡಬ್ಬ ಅಲ್ಲ ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ.

ಡಬ್ಬ ಚಿಕ್ಕಕ್ಕನದು. ಚಿಕ್ಕಕ್ಕ ಎಂದರೆ ಕೃಷ್ಣಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇರುವವಳು. ಎಲೆಯಡಿಕೆಗೂ ತಮ್ಮನ ಕೈ ನೋಡಬಾರದು ಎಂದು ಕೂಲಿಯವರ ಜೊತೆ ಕೂತು ಸುಲಿಯುತ್ತಿದ್ದಳು. ಕಣ್ಣು ಮಂಜು, ಬೆರಳು ನಿಧಾನ. ಬೇರೆಯವರದು ತುಂಬಿದರೂ ತನ್ನದು ಅರ್ಧವೇ ಇರುವುದನ್ನು ಕಂಡು ನಾಚಿಕೆಯಾಗಿ ಅಡಿಗೆ ಕಾಯಿ ಹಾಕಿದ್ದಳು. ಡಬ್ಬ ಸಾಲಿಗಿಡುವಾಗ ಅದಲುಬದಲಾಯಿತು. ಅವತ್ತೇ ಅವಳು ತಮ್ಮನ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದಳು. ಕೃಷ್ಣಪ್ಪ ಬಾಯಿ ಮುಚ್ಚಿಕೊಂಡಿರು ಎಂದ. ಅವನ ಮನೆಯಲ್ಲಿ ಪಾತ್ರೆ ತೊಳೆದು, ಮಧ್ಯಾಹ್ನ ಸುಲಿಯಲೂ ಕೂರುವ ಸೀತಕ್ಕ ಇದನ್ನು ಕೇಳಿಸಿಕೊಂಡು ಮೇಘನಳಿಗೆ ಮುಟ್ಟಿಸಿದಳು. ಕೃಷ್ಣಪ್ಪನಿಗೆ ತಾನು ಬೈದದ್ದು ತಪ್ಪು ಎಂದು ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದ, ಇದೇ ಅವಳಿಗೆ ಚುಚ್ಚಿದ್ದು. ಆಮೇಲೆ ಅವಳು ಊರಲ್ಲಿ ಯಾರ ಮನೆಗೆ ಸುಲಿಯಲು ಹೋದರೂ ಡಬ್ಬ ಕೊಡುವಾಗ ಒಂದು ಸಲ ಕೈ ಹಾಕಿ ಅಡಿ ನೋಡುತ್ತಿದ್ದರು. ನಾನೂ ಹಾಗೆ ಕೈ ಹಾಕಿ ನೋಡಿದ್ದೇನೆ.

ಕಳೆದ ಸುಗ್ಗಿ ಶುರುವಾದಾಗ ಮೇಘನ ಸೀದಾ ಕೃಷ್ಣಪ್ಪನ ಅಂಗಳಕ್ಕೇ ಹೋಗಿ ಕೂತಳು. ಊರಿಗೆ ಊರೇ ಬೆರಗಾಯಿತು. ಇಷ್ಟು ಬೇಗ ನುಂಗಿಕೊಂಡಳಲ್ಲ ಎಂದು ನನಗೆ ಬೇಜಾರೂ ಆಯಿತು.

ಸುಲಿಯುವವರ ಕಣ್ಣು, ಕೈ ಎರಡೂ ಕೆಲಸದ ಮೇಲಿರುತ್ತವೆ, ಕಿವಿ ಮಾತ್ರ ಖಾಲಿ. ಮೊದಲು ಯಾರಾದರೂ ಹಾಡುತ್ತಿದ್ದರು, ಕಥೆ ಹೇಳುತ್ತಿದ್ದರು. ಈಗ ಫೋನಿನಲ್ಲಿ ಧಾರಾವಾಹಿ ಹಾಕಿಟ್ಟುಕೊಳ್ಳುತ್ತಾರೆ, ಆದರೆ ಕೃಷ್ಣಪ್ಪನ ಅಂಗಳದಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಮೇಘನ ಒಂದು ಮಧ್ಯಾಹ್ನ ವಾಲ್ಡೆರಾದ ಕಥೆ ತೆಗೆದಳು. ಮೊದಮೊದಲು ನಕ್ಕರು. ತಾರಿನ್‌ನ ಊರು ಸುಟ್ಟ ಮೇಲೆ ನಗು ನಿಂತಿತು. ಎಲಿಯಾ ಬಂದ ಮೇಲೆ ಚಿಕ್ಕಕ್ಕ ಮಣೆಯನ್ನು ಮೇಘನಳ ಪಕ್ಕಕ್ಕೇ ಎಳೆದುಕೊಂಡಳು, ಎಲಿಯಾ ಕೊಡುವ ಮದ್ದು ಯಾವ ಬೇರಿನದು ಎಂದು ಕೇಳಿದಳು. ಸುದ್ದಿ ಹಬ್ಬಿತು. ಬೇರೆ ಅಂಗಳಗಳಲ್ಲಿ ಸುಲಿಯುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಕತ್ತಿ ಎತ್ತಿಕೊಂಡು ಕೃಷ್ಣಪ್ಪನಲ್ಲಿಗೆ ಹೋದರು. ನನ್ನ ಅಂಗಳದಲ್ಲಿ ನಾನು, ನನ್ನ ಹೆಂಡತಿ, ಒಂದು ನಾಯಿ ಉಳಿದೆವು. ಕೃಷ್ಣಪ್ಪ ಕೊಪ್ಪದ ಹೋಟೆಲಿನಲ್ಲಿ ಕೂತು, ಸುಲಿಯಲು ಜನ ಸಿಗುವುದಿಲ್ಲ ಎಂದು ಅಳುವವರಿಗೆಲ್ಲ ಜನರನ್ನು ಇಟ್ಟುಕೊಳ್ಳಲು ಬರಬೇಕು ಎಂದು ಪಾಠ ಹೇಳುತ್ತಿದ್ದ. ನಾನು ಆಚೆ ಮೇಜಿನಲ್ಲಿ ಕೂತು ಹಲ್ಲು ಕಡಿದುಕೊಂಡು ಕೇಳಿಸಿಕೊಂಡೆ.

ಅಷ್ಟು ಜನ ಇದ್ದಾರೆಂಬ ಧೈರ್ಯಕ್ಕೆ ಅವನು ತೋಟ ಪೂರ್ತಿ ಒಂದೇ ಸಲಕ್ಕೆ ಕೊಯ್ಲು ಮಾಡಿಸಿದ. ಬುದ್ಧಿ ಇರುವವರು ಹಾಗೆ ಮಾಡುವುದಿಲ್ಲ. ಕೊಯ್ದ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕು, ರಾಶಿಯಲ್ಲಿ ಬಿಟ್ಟರೆ ಒಳಗೊಳಗೇ ಬಿಸಿಯೇರಿ ಬಣ್ಣ ಕೆಡುತ್ತದೆ. ಆಮೇಲೆ ಅದು ಗೋಟಡಿಕೆ ಎಂದು ಕಡಿಮೆ ರೇಟಿಗೆ ಹೋಗುವುದಕ್ಕಷ್ಟೇ ಸರಿ. ಇದು ಅವನಿಗೂ ಗೊತ್ತು. ಅಂಗಳದಲ್ಲಿ ಆಳೆತ್ತರ ರಾಶಿ ಬಿತ್ತು. ಮೇಘನ ಇದಕ್ಕೇ ಕಾದಿದ್ದಳು.

ಮಾರನೆಯ ದಿನ ಕಥೆಯಲ್ಲಿ ಎಲಿಯಾ ಒಬ್ಬಳೇ ಗುಡಿಯೊಳಗೆ ಕಣ್ಣು ಮುಚ್ಚಿ ಕೂತಿದ್ದಾಳೆ. ಬೋಳುತಲೆಯವನು ಹಿಂದಿನಿಂದ ಬಂದ, ಕತ್ತಿ ಎತ್ತಿದ. ಮೇಘನ ಕೈಯಲ್ಲಿದ್ದ ಅಡಿಕೆ ಸುಲಿದು ಡಬ್ಬಕ್ಕೆ ಹಾಕಿ, ಎದ್ದು, ಸೆರಗಿನ ಸಿಪ್ಪೆ ಕೊಡವಿಕೊಂಡಳು.

"ಒಂದನೇ ಭಾಗ ಮುಗೀತು," ಅಂದಳು. "ಎರಡನೇದು ನಾಳೆಯಿಂದ ಲಕ್ಷ್ಮೀಶಣ್ಣನ ಅಂಗಳದಲ್ಲಿ."

ನನಗೆ ಒಂದು ಮಾತೂ ಹೇಳಿರಲಿಲ್ಲ. ಮಾರನೆಯ ಮಧ್ಯಾಹ್ನ ಕತ್ತಿ, ಮಣೆ ಹೊತ್ತ ಹೆಂಗಸರ ಸಾಲು ತಿರುವಿನಲ್ಲಿ ಬರುವುದನ್ನು ಕಂಡು, ಯಾರೋ ತೀರಿಕೊಂಡಿರಬೇಕು ಎಂದು ನನ್ನ ಹೆಂಡತಿ ಅಂದಳು. ಅವರಲ್ಲಿ ಚಿಕ್ಕಕ್ಕ ಮಾತ್ರ ಇರಲಿಲ್ಲ. ತಮ್ಮನ ಮನೆಯಲ್ಲಿ ಅಷ್ಟು ದೊಡ್ಡ ರಾಶಿ ಇರುವಾಗ ಇನ್ನೊಬ್ಬರ ಅಂಗಳದಲ್ಲಿ ಹೇಗೆ ಕೂರುತ್ತಾಳೆ?

ಕೃಷ್ಣಪ್ಪ ಮೊದಲು ನಕ್ಕನಂತೆ. ಆಮೇಲೆ ಸುಲಿಯುವ ಮೆಷಿನ್ ಬಾಡಿಗೆಗೆ ಕೇಳಿಕೊಂಡು ಶೃಂಗೇರಿ ಕಡೆಗೂ ಹೋದ, ನರಸಿಂಹರಾಜಪುರದ ಕಡೆಗೂ ಹೋದ. ಸುಗ್ಗಿಯಲ್ಲಿ ಮೆಷಿನ್ ಎಲ್ಲಿ ಸಿಗುತ್ತದೆ? ಡಬ್ಬಕ್ಕೆ ಕೂಲಿ ಹೆಚ್ಚು ಮಾಡುತ್ತೇನೆ ಎಂದು ಮನೆಮನೆಗೆ ಹೇಳಿ ಕಳಿಸಿದ. ಬೋಳುತಲೆಯವನ ಕತ್ತಿ ಇನ್ನೂ ಮೇಲೇ ಇರುವಾಗ ಯಾರು ಹೋಗುತ್ತಾರೆ? ಅಷ್ಟರಲ್ಲಿ ಸೀತಕ್ಕನಿಂದ ಅವನಿಗೆ ಕಾರಣವೂ ಗೊತ್ತಾಯಿತು. ಅವನು ಹೇಳಬೇಕು, ಅಷ್ಟೇ. ಅವತ್ತು ಇದ್ದ ಜನರ ಮುಂದೆ, ತನ್ನ ಬಾಯಿಂದ, ಮೇಘನ ಕಳ್ಳಿಯಲ್ಲ ಎಂದು ಹೇಳಬೇಕು. ಹೇಳಿದರೆ ಹಾಗಾದರೆ ಯಾರು ಎಂದು ಜನ ಕೇಳುತ್ತಾರೆ, ಅಕ್ಕನ ಹೆಸರು ಬರುತ್ತದೆ. ಅಕ್ಕನ ಮಾನದ ಚಿಂತೆ ಎಂದು ಅವನು ಹೇಳಿಕೊಂಡ. ನಾನು ನಂಬುವುದಿಲ್ಲ, ಅವನಿಗೆ ತನ್ನ ಮೂಗಿನದೇ ಚಿಂತೆ.

ಮೊದಲು ಹೆಂಡತಿ ಯಮುನಮ್ಮನ ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು ಕಳಿಸಿದ. ಮೇಘನ ಅದನ್ನು ಸುಲಿಯುವವರಿಗೆಲ್ಲ ಹಂಚಿದಳು, ತಾನು ಮುಟ್ಟಲಿಲ್ಲ. ಆಮೇಲೆ ಫೋನ್ ಮಾಡಿ, ಅವತ್ತು ಏನೋ ಹೆಚ್ಚುಕಮ್ಮಿ ಆಗಿರಬಹುದು ಎಂದ. ಮತ್ತೆರಡು ದಿನ ಬಿಟ್ಟು ನನ್ನ ಮನೆಯ ಹಿತ್ತಿಲ ಬಾಗಿಲಿಗೇ ಬಂದು ಅವಳನ್ನು ಕರೆಸಿದ. ತಾನು ಬೈದದ್ದು ಡಬ್ಬಕ್ಕೆ, ಅವಳಿಗಲ್ಲ ಎಂದ. ನಾನು ಅಲ್ಲೇ ಸೌದೆ ಜೋಡಿಸುವ ನೆಪದಲ್ಲಿ ನಿಂತಿದ್ದೆ.

"ಗೌಡ್ರೆ," ಅಂದಳು ಅವಳು, "ಬೈಯೋದನ್ನ ಇಡಿಯಾಗಿ ಬೈದ್ರಿ, ಒಂದೇ ಸಲಕ್ಕೆ. ಈಗ ತಪ್ಪಾತು ಅನ್ನೋದನ್ನ ಕಂತಲ್ಲಿ ಕೊಡಕ್ಕೆ ಬರ್ಬೇಡಿ. ನಂಗೆ ಕಂತು ಸಾಕಾಗಿದೆ."

ಅವನು ಬಂದ ದಾರಿಯಲ್ಲೇ ಹೋದ. ಆ ಹೊತ್ತಿಗಾಗಲೇ ಅವನ ರಾಶಿಗೆ ಕೈ ಹಾಕಿದರೆ ಬಿಸಿ ತಗಲುತ್ತಿತ್ತಂತೆ. ಇದನ್ನು ಸೀತಕ್ಕ ಹೇಳಿದಾಗ ನಾನು ಅಯ್ಯೋ ಪಾಪ ಎಂದೆ, ಹೇಳಲು ಏನು ಕಷ್ಟ? ಹೊಟ್ಟೆಯೊಳಗೆ ತಣ್ಣಗಿತ್ತು. ಮೇಘನ ಮಾತ್ರ ಮುಖದಲ್ಲಿ ಏನೂ ತೋರಿಸಲಿಲ್ಲ, ಇನ್ನೂ ಸ್ವಲ್ಪ ಬಿಸಿಯಾಗಲಿ ಎಂದಳು.

ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ಕೂತು ಕತ್ತಿಯ ಸದ್ದು ಶುರುವಾಗಿತ್ತು. ಗೇಟಿನಲ್ಲಿ ಚಿಕ್ಕಕ್ಕ ಕಾಣಿಸಿದಳು. ಒಂದು ಕೈಯಲ್ಲಿ ಮಣೆ, ಇನ್ನೊಂದರಲ್ಲಿ ಡಬ್ಬ. ನಡೆದು ಬಂದ ಏದುಸಿರಿನಲ್ಲೇ ಅಂಗಳದ ನಡುವೆ ನಿಂತಳು, ಕೂರಲಿಲ್ಲ. ಅವಳ ಹಿಂದೆಯೇ ಕೃಷ್ಣಪ್ಪ ಬೈಕಿನಲ್ಲಿ ಬಂದು, ಮನೆಗೆ ಬಾ ಎಂದು ಗೇಟಿನ ಹೊರಗಿಂದಲೇ ಕರೆದ. ಅವಳು ತಿರುಗಿ ನೋಡಲಿಲ್ಲ.

"ಅವತ್ತು ಕಾಯಿ ಹಾಕಿದ್ ಡಬ್ಬ ನಂದು," ಅಂದಳು. "ಕೈ ಓಡದಿಲ್ಲ ಅಂತ ನಾನೇ ಹಾಕಿದ್ದು. ಮೇಘನಂದಲ್ಲ."

ಕತ್ತಿಗಳ ಸದ್ದು ನಿಂತಿತು. ಎಪ್ಪತ್ತರ ಹತ್ತಿರದ ಹೆಂಗಸು, ಈ ಊರಿನ ಅರ್ಧ ಮಕ್ಕಳ ಹೆರಿಗೆ ನೋಡಿದವಳು, ನಾಲ್ಕು ಅಡಿಕೆಗಾಗಿ ನನ್ನ ಅಂಗಳದಲ್ಲಿ ತಲೆ ತಗ್ಗಿಸಿ ನಿಂತದ್ದು ನನಗೆ ನೋಡಲಾಗಲಿಲ್ಲ. ಆ ಕ್ಷಣ ಕೃಷ್ಣಪ್ಪನ ಮೇಲೆ ನನಗೆ ಬಂದಷ್ಟು ಸಿಟ್ಟು ಮೇಘನಳಿಗೂ ಬಂದಿರಲಾರದು. ಮೇಘನ ಎದ್ದು ಚಿಕ್ಕಕ್ಕನ ಕೈಯಿಂದ ಮಣೆ ತೆಗೆದುಕೊಂಡು ತನ್ನ ಪಕ್ಕದಲ್ಲಿ ಹಾಕಿ ಅವಳನ್ನು ಕೂರಿಸಿದಳು. ಆಮೇಲೆ ಗೇಟಿನ ಕಡೆ ತಿರುಗಿದಳು.

"ಅಕ್ಕ ಹೇಳಿ ಆತು. ನೀವು ಹೇಳಿ ಗೌಡ್ರೆ."

ಕೃಷ್ಣಪ್ಪ ನೆಲ ನೋಡಿದ, ಬೈಕಿನ ಕೀ ನೋಡಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅಷ್ಟು ದೊಡ್ಡ ಗಂಟಲಿನವನು ಅವತ್ತು ಹೇಳಿದ್ದು ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ. ಸೀತಕ್ಕ, ಇನ್ನೊಂದು ಸಲ ಹೇಳಿ ಗೌಡ್ರೆ, ಇಲ್ಲಿಗೆ ಕೇಳ್ಲಿಲ್ಲ ಎಂದಳು. ಅವನು ಮತ್ತೆ ಹೇಳಿದ. ಮೇಘನ ಕಳ್ಳಿಯಲ್ಲ, ಅದು ತನಗೆ ಅವತ್ತೇ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ, ತಪ್ಪಾಯಿತು ಎಂದ. ಇಡಿಯಾಗಿ ಹೇಳಿದ, ಅದನ್ನು ನಾನು ಒಪ್ಪುತ್ತೇನೆ. ಹೇಳಿ ಮುಗಿಸಿ, ಈಗಲಾದರೂ ಬರುತ್ತೀಯಾ, ಉಳಿದಿದ್ದನ್ನಾದರೂ ಸುಲಿದುಕೊಡುತ್ತೀಯಾ ಎಂದು ಕೇಳಿದ.

"ಬರದಿಲ್ಲ," ಅಂದಳು.

ಕೂತವರಲ್ಲಿ ಗುಜುಗುಜು ಆಯಿತು. ತಪ್ಪು ಒಪ್ಪಿಕೊಂಡ ಮೇಲೂ ಹೀಗೆ ಮಾಡಬಾರದು, ಪಾಪ, ಅಡಿಕೆ ಏನು ಮಾಡಿತ್ತು ಎಂದು ಯಾರೋ ಅಂದರು. ಇಬ್ಬರು ಮೂವರು ಎದ್ದು ಅವನ ಹಿಂದೆ ಹೋದರು. ಮೇಘನ ತಡೆಯಲಿಲ್ಲ. ಮಿಕ್ಕವರು ಅವಳ ಮುಖ ನೋಡುತ್ತಾ ಕೂತರು, ಅವಳು ಕಥೆ ಮುಂದುವರಿಸಿದಳು. ಹೋದವರ ಕೈಗೆ ಆ ರಾಶಿ ಸಾಲಲಿಲ್ಲ. ಕೃಷ್ಣಪ್ಪನ ಅಡಿಕೆಯಲ್ಲಿ ಮುಕ್ಕಾಲು ಪಾಲು ಗೋಟಾಯಿತು.

ಸಾಯಂಕಾಲ ಎಲ್ಲರೂ ಹೋದ ಮೇಲೆ ಅವಳು ಉಳಿದುಕೊಂಡು, ಚಿಕ್ಕಕ್ಕನ ಅರ್ಧ ಡಬ್ಬವನ್ನು ತಾನೇ ಸುಲಿದು ತುಂಬಿಸುತ್ತಿದ್ದಳು. ಈಗ ನಿನಗೆ ಸಮಾಧಾನವಾಯಿತಾ ಎಂದು ಕೇಳಿದೆ. ನನಗಂತೂ ಆಗಿತ್ತು. ಅವಳು ತಲೆ ಎತ್ತಲಿಲ್ಲ.

"ಹೇಳಿದ್ರು, ಹೌದು," ಅಂದಳು. "ಆದ್ರೆ ಆ ಮುದುಕಿ ಬಂದು ತಲೆ ತಗ್ಸಿ ಹೇಳೋ ತನಕ ಹೇಳ್ಲಿಲ್ಲ ಲಕ್ಷ್ಮೀಶಣ್ಣ. ನನ್ನ ಲೆಕ್ಕ ತೀರಿತ್ತು. ಇದು ಚಿಕ್ಕಕ್ಕಂದು."

ಈ ವರ್ಷದ ಸುಗ್ಗಿ ಮತ್ತೆ ಬಂದಿದೆ. ಚಿಕ್ಕಕ್ಕ ದಿನಾ ಮಧ್ಯಾಹ್ನ ತಮ್ಮನ ಗೇಟು ದಾಟಿ ನನ್ನ ಅಂಗಳಕ್ಕೆ ಬರುತ್ತಾಳೆ. ಕೃಷ್ಣಪ್ಪನ ಅಡಿಕೆ ಕೊನೆಗಳು ಇನ್ನೂ ಮರದ ಮೇಲೇ ಇವೆ, ಇಳಿಸಲು ಅವನಿಗೆ ಧೈರ್ಯವಿಲ್ಲ.